ರಿಂಗ್ ಎಂದರೆ ಉಂಗುರ

ಇಡೀ ಓಣಿಗೆ ಒಂದೇ ಫೋನು ಇದ್ದ ದಿನಗಳವು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಆ ಒಂದು ಫೋನು ನಮ್ಮ ಮನೆಯಲ್ಲಿತ್ತು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾದ ಮೇಲೆ ಬಂದ ಫೋನದು. ಬಂದ ತಿಂಗಳೊಳಗೇ ಅದು ಓಣಿಯದಾಯಿತು. ಲಗ್ನಪತ್ರಿಕೆಗಳಲ್ಲಿ, ಸಾಲಿಯ ಫಾರ್ಮುಗಳಲ್ಲಿ, ಊರು ಬಿಟ್ಟು ದುಡಿಯಲು ಹೋದವರ ಕಿಸೆಯ ಚೀಟಿಗಳಲ್ಲಿ ನಮ್ಮ ನಂಬರು, ಪಕ್ಕದಲ್ಲಿ 'ಪಿಪಿ' ಎಂದು ಎರಡಕ್ಷರ. ಪಿಪಿ ಎಂದರೆ ಫೋನು ಪಕ್ಕದವರದು, ಹೇಳಿದರೆ ಕರೆದು ಕೊಡುತ್ತಾರೆ ಎಂದರ್ಥ. ಯಾರಿಗಾದರೂ ಫೋನು ಬಂದರೆ "ಐದ ಮಿನಿಟ ಬಿಟ್ಟು ಮತ್ತ ಹಚ್ರಿ" ಎಂದು ಇಟ್ಟು, ಬರಿಗಾಲಲ್ಲಿ ಓಡಿ ಹೋಗಿ ಅವರನ್ನು ಕರೆತರುವುದು ನನ್ನ ಕೆಲಸ. ಹೋದ ಮನೆಯಲ್ಲಿ ಒಂದು ಹಿಡಿ ಹುರಿದ ಶೇಂಗಾ, ಒಂದು ಚೂರು ಬೆಲ್ಲ ಸಿಗುತ್ತಿತ್ತು. ನನಗೆ ಆ ಕೆಲಸದ ಮೇಲೆ ಬಹಳ ಜಂಬವಿತ್ತು.

ನಮ್ಮ ಎದುರಿನ ಒಂದು ಕೋಣೆಯ ಮನೆಯಲ್ಲಿ ನೀಲವ್ವ ಇದ್ದಳು. ಸಂಬಂಧವೇನೂ ಇರಲಿಲ್ಲ, ಆದರೂ ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ಅವಳ ಕೆಲಸ. ಸಂಜೆ ಮನೆಗೆ ಬರುವಾಗ ತಲೆ, ಹುಬ್ಬು, ಸೆರಗು ಎಲ್ಲ ಅರಳೆಯ ಎಳೆಗಳಿಂದ ಬೆಳ್ಳಗಾಗಿರುತ್ತಿದ್ದವು. ಮೈಯಿಂದ ಹತ್ತಿಕಾಳಿನ ಎಣ್ಣೆವಾಸನೆ ಬರುತ್ತಿತ್ತು. ಗಂಡ ತೀರಿಕೊಂಡಿದ್ದ. ಇದ್ದ ಒಬ್ಬ ಮಗ ಬಸವರಾಜ ಹತ್ತನೆಯ ಇಯತ್ತೆಯಲ್ಲಿ ನಪಾಸಾದ ದಿನ ಮನೆ ಬಿಟ್ಟು ಹೋಗಿದ್ದ. ಅವತ್ತು ನೀಲವ್ವ ಸಿಟ್ಟಿನ ಭರದಲ್ಲಿ ರೊಟ್ಟಿ ಬಡಿಯುವ ಕೈಯಿಂದಲೇ ಅವನ ಬೆನ್ನಿಗೆ ನಾಲ್ಕು ಬಿಟ್ಟು, ಮತ್ತೆ ಈ ಹೊಸ್ತಿಲು ತುಳಿಯಬೇಡ ಎಂದಿದ್ದಳು. ಅವನು ತುಳಿಯಲಿಲ್ಲ. ತೊರಗಲ್ಲಿನ ಹತ್ತಿರ ಕಂಡ ಎಂದು ಒಬ್ಬರು, ಮಿರಜದ ಸ್ಟೇಶನ್ನಿನಲ್ಲಿ ಕಂಡ ಎಂದು ಒಬ್ಬರು ಹೇಳಿದರು. ಹೇಳಿದಲ್ಲಿಗೆಲ್ಲ ಅವಳು ರೊಟ್ಟಿ ಕಟ್ಟಿಕೊಂಡು ಹೋಗಿ ಬಂದಳು. ಹೀಗೇ ಮೂರು ವರ್ಷವಾಗಿತ್ತು.

ನಾನು ಹೇಳಬೇಕೆಂದಿರುವುದು ಎಂಟನೆಯ ಇಯತ್ತೆ ಮುಗಿದ ಬೇಸಿಗೆಯ ಮಾತು. ಆ ಬೇಸಿಗೆ ನಮ್ಮ ಮನೆಗೆ ಕಂಪ್ಯೂಟರ್ ಬಂದಿತ್ತು. ತಂದವನು ಶಿವು ಕಾಕಾ, ಅಪ್ಪನ ತಮ್ಮ. ಅವನು ಸವದತ್ತಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಕ್ಲಾಸಿನಲ್ಲಿ ಹಳತಾದದ್ದೊಂದನ್ನು ಗೋಣಿಚೀಲದಲ್ಲಿ ಸುತ್ತಿ, ಯರಗಟ್ಟಿಯ ಮೇಲಿಂದ ಬರುವ ಬಸ್ಸಿನಲ್ಲಿ, ಕೂಸನ್ನು ತರುವ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದ. ಎಲ್ಲರ ಕಂಪ್ಯೂಟರಿನಲ್ಲಿ ಇರುವುದು ನಮ್ಮದರಲ್ಲಿ ಇರಕೂಡದು ಎಂಬುದು ಅವನ ಹಟ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದ. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಅವ್ವ ಇಣುಕಿ ನೋಡಿ, ಇದೇನು ಸಾಲಿಯ ಪಾಟಿ ತಂದಿ ಎಂದು ಅವನನ್ನು ಕಾಡಿದಳು.

ಅದರ ಜೊತೆ ಒಂದು ಮೋಡೆಮ್ಮೂ ಇತ್ತು. ಫೋನಿನ ಹಿಂದಿನ ವಾಯರನ್ನು ಕಿತ್ತು ಅದಕ್ಕೆ ಸಿಕ್ಕಿಸಿದರೆ, ಅದು ತಾನೇ ಫೋನು ಹಚ್ಚಿ ಇಂಟರ್‌ನೆಟ್ಟಿಗೆ ಕರೆದೊಯ್ಯುತ್ತದೆ ಎಂದು ಕಾಕಾ ಹೇಳಿದ. ಆದರೆ ಅದು ಕರೆದೊಯ್ಯಲಿಲ್ಲ. ಪ್ರತಿ ಸಲವೂ 'ನೋ ಡಯಲ್‌ಟೋನ್' ಎಂಬ ಇಂಗ್ಲಿಷ್ ಮಾತನ್ನು ಪರದೆಯ ಮೇಲೆ ಬರೆದು ಸುಮ್ಮನಾಗುತ್ತಿತ್ತು. ಎರಡು ದಿನ ಅದರೊಂದಿಗೆ ಗುದ್ದಾಡಿ ಕಾಕಾ ಸವದತ್ತಿಗೆ ಹೊರಟ. ಹೋಗುವಾಗ ನನಗೆ ನಾಲ್ಕಾರು ಆಜ್ಞೆಗಳನ್ನು ಕಲಿಸಿಕೊಟ್ಟು, ಯಾವ ಮಾತು ಬಂದರೂ ಬರೆದಿಡು ಎಂದ.

ನಾನು ಬರೆದಿಟ್ಟೆ. ಎರಡು ಗೆರೆಯ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಮೋಡೆಮ್ ಆಡಿದ ಮಾತು, ಬಲಕ್ಕೆ ಅಪ್ಪನ ಕಿಸೆ ನಿಘಂಟಿನಿಂದ ಹುಡುಕಿದ ಅರ್ಥ. ಕನ್ನಡ ಸಾಲಿಯ ಹುಡುಗಿ ನಾನು, ಇಂಗ್ಲಿಷ್ ಕಲಿಯಲು ಹತ್ತಿ ನಾಲ್ಕು ವರ್ಷ. ಓಕೆ, ಸರಿ. ಬಿಜಿ, ಕೆಲಸದಲ್ಲಿ ತೊಡಗಿರುವ. ನೋ ಕ್ಯಾರಿಯರ್, ಹೊರುವವನು ಇಲ್ಲ. ಅದನ್ನು ಓದಿ ಅಪ್ಪ, ಹಾಗಾದರೆ ಬಸ್‌ಸ್ಟ್ಯಾಂಡಿನಿಂದ ಒಬ್ಬ ಹಮಾಲನನ್ನು ಕರೆಸೋಣವೇ ಎಂದು ನಕ್ಕಿದ್ದ. ಓಣಿಯ ಹುಡುಗಿಯರು ಕಟ್ಟೆಯ ಮೇಲೆ ಗಜಗ ಆಡುತ್ತ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತ ನನ್ನನ್ನು ಕರೆಯುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಒಂದು ಡಬ್ಬಿ ನನ್ನ ಮಾತು ಕೇಳುತ್ತಿಲ್ಲ ಎಂಬುದು ನನಗೆ ಸಹಿಸದಾಗಿತ್ತು. ಚಿಕ್ಕಂದಿನಿಂದಲೂ ನನ್ನದು ಹಾಳು ಹಟ, ಅವ್ವ ಸುಳ್ಳೇನೂ ಹೇಳುತ್ತಿರಲಿಲ್ಲ.

ಅಂಥದರಲ್ಲಿ ಒಂದು ಸೋಮವಾರ ಮಧ್ಯಾಹ್ನ ಫೋನು ಬಂತು. ಅವ್ವ ಎತ್ತಿದಳು. ಆ ಕಡೆಯಿಂದ ಗಂಡುದನಿ, ನೀಲವ್ವ ಅದಾಳೇನು ಎಂದು ಕೇಳಿತು. ಜಿನ್ನಿಗೆ ಹೋಗಿದ್ದಾಳೆ, ನೀನು ಯಾರಪ್ಪ ಎಂದು ಅವ್ವ ಕೇಳಿದಳು. ಅವನು ಹೆಸರು ಹೇಳದೆ "ಮತ್ತ ಮಾಡತೇನ್ರಿ" ಎಂದು ಇಟ್ಟುಬಿಟ್ಟ. ದನಿ ಒಡೆದು ದಪ್ಪಗಾಗಿದೆ, ಆದರೆ ಇವನು ನಮ್ಮ ಬಸುನೇ ಎಂದು ಅವ್ವ ರಿಸೀವರ್ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. ನಾನು ಜಿನ್ನಿನವರೆಗೂ ಓಡಿದೆ. ನೀಲವ್ವ ಅರಳೆ ಮೆತ್ತಿದ ಮೈಯಲ್ಲೇ, ಕಾಲಲ್ಲಿ ಚಪ್ಪಲಿಯಿಲ್ಲದೆ ನನ್ನ ಹಿಂದೆ ಓಡಿ ಬಂದಳು.

ಮಾರನೆಯ ದಿನದಿಂದ ಅವಳು ಕೆಲಸಕ್ಕೆ ಹೋಗಲಿಲ್ಲ. ಮುಂಜಾನೆ ಬಂದು ನಮ್ಮ ಪಡಸಾಲೆಯಲ್ಲಿ ಫೋನಿನ ಎದುರು ಗೋಡೆಗೆ ಒರಗಿ ಕೂರುತ್ತಿದ್ದಳು. ಸುಮ್ಮನೆ ಕೂತರೆ ಋಣವಾಗುತ್ತದೆ ಎನ್ನುವಂತೆ ಅವ್ವನ ಜೋಳ ಹಸನು ಮಾಡಿದಳು, ಶಾವಿಗೆ ಹೊಸೆದಳು, ಮೇಲೆ ಹೋಗಿ ಸಂಡಿಗೆ ಮಾತ್ರ ಇಡಲಿಲ್ಲ. ಮಾಳಿಗೆಯ ಮೇಲೆ ಫೋನು ಕೇಳಿಸುವುದಿಲ್ಲ. ಅವನು ಮಾಡಿದರೆ ಏನು ಹೇಳುತ್ತೀ ಎಂದು ಅವ್ವ ಕೇಳಿದಳು.

"ಬಾ ಅಂತೇನ್ರಿ ಅಕ್ಕಾರ. ಬ್ಯಾರೆ ಏನ ಹೇಳ್ಲಿ? ಅವತ್ತ ಹೋಗಂದಿದ್ದೆ, ಇವತ್ತ ಬಾ ಅಂತೇನಿ."

ಅಪ್ಪ ಮೋಡೆಮ್ಮನ್ನು ಅದರ ಡಬ್ಬಿಯಲ್ಲಿಟ್ಟು ಕಪಾಟಿನ ಮೇಲೆ ಎತ್ತಿಟ್ಟ. ಬಸುನ ಫೋನು ಬರುವವರೆಗೆ ಯಾರೂ ವಾಯರ್ ಮುಟ್ಟಕೂಡದು ಎಂದ. ನಾನು ಆರು ದಿನ ಮುಟ್ಟಲಿಲ್ಲ. ಆ ಆರು ದಿನದಲ್ಲಿ ಫೋನು ಬಂದಾಗಲೆಲ್ಲ ನೀಲವ್ವ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಬೇರೆ ಯಾರದೋ ಎಂದು ಗೊತ್ತಾದ ಮೇಲೆ ಕೂರುತ್ತಿದ್ದಳು.

ಆರನೆಯ ದಿನ, ಶನಿವಾರ, ಸವದತ್ತಿಯಿಂದ ಕಾಕಾನ ಪತ್ರ ಬಂತು. ಮೋಡೆಮ್ಮಿನ ರೋಗಕ್ಕೆ ಮದ್ದು ಸಿಕ್ಕಿದೆ ಎಂದು ಬರೆದಿದ್ದ. ನಮ್ಮೂರ ಎಕ್ಸ್‌ಚೇಂಜಿನ ಗುಂಯ್‌ಗುಡುವ ಸದ್ದು, ಅಂದರೆ ಡಯಲ್‌ಟೋನು, ಆ ಪರದೇಶದ ಮೋಡೆಮ್ಮಿಗೆ ಗುರುತು ಹತ್ತುತ್ತಿಲ್ಲ, ಲೈನೇ ಇಲ್ಲ ಅಂದುಕೊಳ್ಳುತ್ತಿದೆ. 'ಎಟಿ ಎಕ್ಸ್ ಮೂರು' ಎಂದು ಹೊಡೆದರೆ ಸದ್ದಿಗೆ ಕಾಯದೆ ಕಣ್ಣುಮುಚ್ಚಿ ಫೋನು ಹಚ್ಚುತ್ತದೆ. ನಡುವೆ ಗುರುತಿಲ್ಲದ ಮಾತು ಏನಾದರೂ ಬಂದರೆ ಹೆದರಬೇಡ, 'ಎಟಿ ಜಡ್' ಎಂದು ಹೊಡೆದು ಮತ್ತೆ ಹಚ್ಚು. ಇಷ್ಟೇ ಪತ್ರ. ಅದನ್ನು ನಾನು ಎಷ್ಟು ಸಲ ಓದಿದೆನೋ. ಮದ್ದು ಕೈಯಲ್ಲಿದೆ, ರೋಗಿ ಕಪಾಟಿನ ಮೇಲಿದ್ದಾನೆ.

ರವಿವಾರ ಅಪ್ಪ ಪೇಪರು ತಿದ್ದಲು ಬೆಳಗಾವಿಗೆ ಹೋಗಿದ್ದ. ಹತ್ತು ಗಂಟೆಯ ಹೊತ್ತಿಗೆ ಓಣಿಯ ತುದಿಯಲ್ಲಿ "ನಳಾ ಬಂತ್ರೇ" ಎಂದು ಯಾರೋ ಒದರಿದರು. ಒಂಬತ್ತು ದಿನದ ಮೇಲೆ ಬಂದ ನೀರು. ಆ ಬೇಸಿಗೆಯಲ್ಲಿ ನಳ ಬಂತೆಂದರೆ ಓಣಿಯಲ್ಲಿ ಯಾರೂ ಒಳಗೆ ಉಳಿಯುತ್ತಿರಲಿಲ್ಲ. ಅವ್ವ ಕೊಡಗಳನ್ನು ಎತ್ತಿಕೊಂಡು ಓಡಿದಳು. ನೀಲವ್ವ ಎದ್ದಳು, ಕೂತಳು, ಮತ್ತೆ ಎದ್ದಳು. ಅವಳ ಮನೆಯಲ್ಲಿ ಹಿಂದಿನ ದಿನವೇ ನೀರು ತೀರಿತ್ತು, ನಮ್ಮ ಹಂಡೆಯಿಂದ ಒಂದು ತಂಬಿಗೆ ಒಯ್ದಿದ್ದಳು.

"ತಂಗಿ, ನಾಕ ಕೊಡ ತುಂಬಿ ಬರತೇನಿ. ಫೋನ್ ಬಂದ್ರ ಬಾಗಲ್ದಾಗ ನಿಂತ ಒದರು. ಕೊಡ ಅಲ್ಲೇ ಒಗದ ಬರತೇನಿ."

ನಾನು ಹೂಂ ಎಂದೆ.

ಅವಳು ಓಣಿ ತಿರುಗುವುದರೊಳಗೆ ನಾನು ಸ್ಟೂಲಿನ ಮೇಲೆ ಹತ್ತಿ ಡಬ್ಬಿ ಇಳಿಸಿದ್ದೆ. ಐದೇ ಮಿನಿಟು ಎಂದುಕೊಂಡೆ. ಆರು ದಿನ ಬಾರದ ಫೋನು ಈ ಐದು ಮಿನಿಟಿನಲ್ಲಿ ಬರುತ್ತದೆಯೇ ಎಂದುಕೊಂಡೆ. ವಾಯರ್ ಕಿತ್ತರೆ ಫೋನು ಮೂಕಾಗುತ್ತದೆ ಎಂಬುದು ಗೊತ್ತಿಲ್ಲದ ದಡ್ಡಿಯಾಗಿರಲಿಲ್ಲ ನಾನು. ಗೊತ್ತಿದ್ದೇ ಕಿತ್ತೆ. ಹುಡುಗಿ, ತಿಳಿಯದೆ ಮಾಡಿದಳು ಎಂದು ಓದುವವರು ಮನ್ನಿಸುವುದು ಬೇಡ, ಅಷ್ಟಂತೂ ನನಗೆ ತಿಳಿಯುತ್ತಿತ್ತು.

ಎಟಿ ಜಡ್ ಹೊಡೆದೆ, ಓಕೆ ಬಂತು. ಎಟಿ ಎಕ್ಸ್ ಮೂರು ಹೊಡೆದೆ, ಓಕೆ ಬಂತು. ಫೋನು ಹಚ್ಚಲು ಹೇಳಿದೆ. ಮೋಡೆಮ್ಮಿನ ಸಣ್ಣ ಸ್ಪೀಕರಿನಲ್ಲಿ ಟಕಟಕ ಎಂದು ಅಂಕಿಗಳು ಬಿದ್ದವು. ಇಪ್ಪತ್ತು ದಿನದಲ್ಲಿ ಮೊದಲ ಸಲ ಅದು ನಂಬರು ಒತ್ತಿತ್ತು. ನನ್ನ ಮೈ ಜುಂ ಎಂದಿತು. ಆ ಕಡೆ ಲೈನು ಖಾಲಿಯಿರಲಿಲ್ಲ, 'ಬಿಜಿ' ಎಂದು ಬಂತು. ಪರವಾಗಿಲ್ಲ, ಮತ್ತೆ ಹಚ್ಚೋಣ ಎಂದು ಕೀಲಿಮಣೆಗೆ ಕೈ ಹಾಕಿದೆ. ನಾನು ಏನೂ ಹೊಡೆಯದೆಯೇ ಪರದೆಯ ಮೇಲೆ ಒಂದು ಮಾತು ತಾನಾಗಿ ಮೂಡಿತು. ರಿಂಗ್.

ಸ್ವಲ್ಪ ಬಿಟ್ಟು, ಅದರ ಕೆಳಗೆ, ಮತ್ತೆ ರಿಂಗ್.

ಈ ಮಾತಿಗೆ ನಿಘಂಟು ಬೇಕಿರಲಿಲ್ಲ. ರಿಂಗ್ ಎಂದರೆ ಉಂಗುರ. ಸಾಲಿಯಲ್ಲಿ ನಾವು ಹುಡುಗಿಯರು ಬಲೆಯ ಈಚೆ ಆಚೆ ಒಗೆದಾಡುವ ರಬ್ಬರಿನ ಬಳೆಯೂ ರಿಂಗೇ. ಫೋನಿಗೂ ಆ ಮಾತಿಗೂ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಫೋನು ರಿಂಗ್ ಆಗುತ್ತಿರಲಿಲ್ಲ, ಬಡಕೊಳ್ಳುತ್ತಿತ್ತು. "ಫೋನ್ ಬಡಕೊಳ್ಳಾಕ ಹತ್ತೈತಿ, ಎತ್ತು" ಎನ್ನುವುದೇ ನಮ್ಮ ರೂಢಿ. ಮೋಡೆಮ್ಮು ಎಲ್ಲೋ ಗಿರಕಿ ಹೊಡೆಯುತ್ತಿದೆ, ಉಂಗುರದ ಹಾಗೆ ಸುತ್ತಿದಲ್ಲೇ ಸುತ್ತುತ್ತಿದೆ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಬರೆದೆ. ಎಡಕ್ಕೆ ರಿಂಗ್, ಬಲಕ್ಕೆ ಉಂಗುರ, ಅದರ ಮುಂದೆ ಸುತ್ತು. ಕಾಕಾ ಹೇಳಿದ ಹಾಗೆ ಎಟಿ ಜಡ್ ಹೊಡೆದೆ. ಇನ್ನೂ ಮೂರು ಉಂಗುರ ಬಂದು ನಿಂತವು.

ಮತ್ತೆ ಎಕ್ಸ್ ಮೂರು ಹೊಡೆದು, ಹಚ್ಚುವ ಆಜ್ಞೆಯನ್ನು ಬರೆಯುತ್ತಿರುವಾಗಲೇ ಇನ್ನೊಂದು ಉಂಗುರ. ಈ ಸಲ ನಾನು ಕಾಯಲಿಲ್ಲ, ಒತ್ತಿಬಿಟ್ಟೆ. ಟಕಟಕ ಎಂದು ಅಂಕಿಗಳು ಬಿದ್ದವು, ಆಮೇಲೆ ಏನೂ ಇಲ್ಲ. ಹೊರುವವನು ಇಲ್ಲ ಎಂದಿತು.

ಮೂರನೆಯ ಸಲ ಉಂಗುರ ಬಂದಾಗ ನನಗೆ ಸಿಟ್ಟು ಬಂದಿತ್ತು. ಮತ್ತೆ ಹಚ್ಚಿದೆ. ಅಂಕಿಗಳ ಸದ್ದು ನಿಂತ ಮೇಲೆ ಸ್ಪೀಕರಿನಲ್ಲಿ ಯಾರದೋ ದನಿ ಕೇಳಿಸಿತು. ಹಲೋ ಎಂದಿತು. ನಡುವೆ ಸ್ವಲ್ಪ ಬಿಟ್ಟು, ಇನ್ನೊಮ್ಮೆ, ಮೊದಲಿನದಕ್ಕಿಂತ ಸಣ್ಣಗೆ, ಹಲೋ. ಆಗೆಲ್ಲ ನಮ್ಮ ಲೈನಿನಲ್ಲಿ ಯಾರ ಯಾರದೋ ಮಾತು ಬೆರೆತು ಕೇಳಿಸುವುದು ಇದ್ದದ್ದೇ. ಯಾವನೋ ನಡುವೆ ಬಂದು ನನ್ನ ಕೆಲಸ ಕೆಡಿಸುತ್ತಿದ್ದಾನೆ ಎಂದುಕೊಂಡೆ. ಲೈನು ಕತ್ತರಿಸುವ ಆಜ್ಞೆ ಗೊತ್ತಿತ್ತು. ಹೊಡೆದೆ. ದನಿ ನಿಂತಿತು.

ಆಮೇಲೆ ಉಂಗುರ ಬರಲಿಲ್ಲ. ಮುಂದಿನ ಸಲಕ್ಕೆ ಕೀಂ ಎಂದು ಕಿರುಚಿ, ಕೊರಕೊರ ಎಂದು ಗಂಟಲು ಸರಿಮಾಡಿಕೊಂಡು, ಮೋಡೆಮ್ಮು 'ಕನೆಕ್ಟ್' ಎಂದು ಬರೆಯಿತು. ಮುಂದೇನು ಮಾಡಬೇಕೆಂದು ಕಾಕಾ ಬರೆದಿರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಲೈನು ಬಿಡಿಸಿ, ವಾಯರನ್ನು ಫೋನಿಗೆ ಸಿಕ್ಕಿಸಿ, ಡಬ್ಬಿಯನ್ನು ಮೇಲಿಟ್ಟೆ. ನೀಲವ್ವ ಆಗಷ್ಟೇ ಬಂದಳು. ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಸೊಂಟದ ಮೇಲಿನ ಕೊಡವನ್ನೂ ಇಳಿಸದೆ ಬಾಗಿಲಲ್ಲಿ ನಿಂತು ಕೇಳಿದಳು.

"ಫೋನ್ ಬಂದಿತ್ತೇನ ತಂಗಿ?"

"ಇಲ್ಲ ಚಿಗವ್ವ. ಬಂದಿಲ್ಲ."

ಅದು ಸುಳ್ಳೆಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಗುರುವಾರ, ಕಾಕಾ ಬಂದಾಗ. ನೀಲವ್ವ ಪಡಸಾಲೆಯಲ್ಲಿ ತನ್ನ ಜಾಗದಲ್ಲೇ ಕೂತಿದ್ದಳು. ನಾನು ಕಾಕಾನನ್ನು ಒಳಗೆ ಎಳೆದೊಯ್ದು, ಕದ್ದು ಮಾಡಿದ್ದನ್ನು ಪಿಸುಮಾತಿನಲ್ಲಿ ಹೇಳಿ, ನೋಟ್‌ಬುಕ್ಕು ತೋರಿಸಿದೆ. ಬೆನ್ನು ತಟ್ಟುತ್ತಾನೆ ಎಂದು ಕಾಯುತ್ತಿದ್ದೆ. ಅವನು ಓದುತ್ತ ಬಂದವನು ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತ. ಇದು ಎಷ್ಟು ಸಲ ಬಂತು ಎಂದು ಕೇಳಿದ. ಹೇಳಿದೆ. ಆ ಹಲೋ ಎಂದ ದನಿಯ ವಿಷಯವನ್ನೂ ಹೇಳಿದೆ. ಅವನು ದನಿ ತಗ್ಗಿಸಿ ಹೇಳಿದ.

"ಸುಮಿ, ರಿಂಗ್ ಅಂದ್ರ ಹೊರಗಿಂದ ಫೋನ್ ಬರಾಕ ಹತ್ತೈತಿ ಅಂತ. ಅದು ತಪ್ಪಲ್ಲ. ಅದು ನಿನಗ ಹೇಳಾಕ ಹತ್ತಿತ್ತು. ಅದರ ಮ್ಯಾಲೆ ನೀ ಹಚ್ಚಿದಿ, ಬಂದ ಫೋನ್ ಎತ್ತಿದಂಗ ಆತು."

ನಾನು ಅಳಲು ಶುರುಮಾಡಿದೆ. ಅವನು ನನ್ನ ಬಾಯಿಯ ಮೇಲೆ ಕೈಯಿಟ್ಟ. ಹೊರಗೆ ಅವಳು ಕೂತಿದ್ದಾಳೆ ಎಂದ. ರಿಂಗ್ ಎಂದರೇನೆಂದು ಪತ್ರದಲ್ಲಿ ಬರೆಯಬೇಕಿತ್ತು, ತಪ್ಪು ತನ್ನದು ಎಂದ. ಬೇರೆ ಯಾರದಾದರೂ ಫೋನಾಗಿರಬಹುದು ಎಂದೂ ಅಂದ, ಆದರೆ ಅದನ್ನು ಅವನೂ ನಂಬಲಿಲ್ಲ. ಬೇರೆಯವರಾಗಿದ್ದರೆ ಮಧ್ಯಾಹ್ನ ಮತ್ತೆ ಮಾಡುತ್ತಿದ್ದರು. ಯಾರೂ ಮಾಡಿರಲಿಲ್ಲ. ಹೇಳಿದರೆ ಅವಳು ಬದುಕುವುದಿಲ್ಲ, ಯಾರಿಗೂ ಹೇಳಬೇಡ ಎಂದು ಆ ಹಾಳೆಯನ್ನು ಹರಿದು ಕಿಸೆಯಲ್ಲಿಟ್ಟುಕೊಂಡ. ಸಂಜೆ ಹೋಗುವಾಗ ಮೋಡೆಮ್ಮನ್ನೂ ಒಯ್ದ.

ಬಸು ಮತ್ತೆ ಫೋನು ಮಾಡಲಿಲ್ಲ. ಒಂದು ತಿಂಗಳು ಕಾದು ನೀಲವ್ವ ಜಿನ್ನಿಗೆ ಹೋಗತೊಡಗಿದಳು. ಸಂಜೆ ಬಂದು ಕಟ್ಟೆಯ ಮೇಲೆ ಕೂತು ಫೋನು ಬಂದಿತ್ತೇ ಎಂದು ಕೇಳುವಳು. ಒಂದು ದಿನ ಅವ್ವನ ಮುಂದೆ, ಹೊಸ್ತಿಲು ತುಳಿಯಬೇಡ ಎಂದದ್ದನ್ನೇ ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ, ಒಮ್ಮೆ ಮಾಡಿದಾಗ ನಾನಿರಲಿಲ್ಲ, ಅದನ್ನೇ ನೆವ ಮಾಡಿಕೊಂಡ, ಸಿಟ್ಟು ಇಳಿದಿಲ್ಲ ಎಂದಳು. ನಾನು ಒಳಗೆ ಓದುತ್ತ ಕೂತಿದ್ದೆ. ಅವಳು ಸಾಯುವಂಥದೇನೋ ನನ್ನ ಬಾಯಲ್ಲಿದೆ ಎಂದು ಕಾಕಾ ಹೆದರಿಸಿದ್ದ. ಅವಳು ಬದುಕುವಂಥದೂ ಅದರಲ್ಲಿತ್ತು ಎಂದು ತಿಳಿಯಲು ನನಗೆ ಹದಿಮೂರು ವರ್ಷ ಹಿಡಿಯಿತು.

ಅಷ್ಟರಲ್ಲಿ ನಾನು ಯರಗಟ್ಟಿಯಲ್ಲಿ ಸಾಲಿಯ ಟೀಚರಾಗಿದ್ದೆ. ಎಲ್ಲರ ಕೈಯಲ್ಲೂ ಮೊಬೈಲು ಬಂದು, ಪಡಸಾಲೆಯ ಫೋನಿನ ಮೇಲೆ ಅವ್ವ ಹೆಣೆದ ಮುಸುಕು ಬಿದ್ದಿತ್ತು. ಒಂದು ರವಿವಾರ ನಾನು ಊರಿಗೆ ಬಂದಾಗ ಅಪ್ಪ ಅದನ್ನು ತೆಗೆಸುವ ಮಾತಾಡಿದ. ಹೇಗೆ ಕಿವಿಗೆ ಬಿತ್ತೋ, ನೀಲವ್ವ ಬಂದು ನಿಂತಳು. ಜಿನ್ನು ಬಿಟ್ಟು ಬಹಳ ದಿನವಾಗಿತ್ತು, ಆದರೂ ಅವಳ ತಲೆ ಬೆಳ್ಳಗೇ ಇತ್ತು.

"ತಗಸಬ್ಯಾಡ್ರಿ ಮಾಸ್ತರ್ರ. ಅಂವಗ ಇದೊಂದ ನಂಬರ್ ಗೊತ್ತೈತಿ."

ಅಪ್ಪ ತೆಗೆಸುವುದಿಲ್ಲ ಎಂದು ಮಾತು ಕೊಟ್ಟ. ಅವಳು ಹೊರಟಾಗ ನಾನು ಹಿಂದೆಯೇ ಹೋದೆ. ಅವಳ ಬಾಗಿಲ ಮುಂದೆ ನಿಂತು, ಬಸು ಮತ್ತೆ ಫೋನು ಮಾಡಿದ್ದ, ನಳ ಬಂದ ದಿನ, ನಾನು ವಾಯರ್ ಕಿತ್ತಿದ್ದೆ, ಮೂರು ಸಲ ಮಾಡಿದ್ದ ಎಂದು ಒಂದೇ ಉಸಿರಿಗೆ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ನಿಂತೆ. ಅವಳು ಕೀಲಿ ಹಿಡಿದ ಕೈಯನ್ನು ಚಿಲಕದ ಮೇಲೆ ಹಾಗೇ ಇಟ್ಟುಕೊಂಡಿದ್ದಳು.

"ಮೂರ ಸಲ?"

"ಹೂಂ ಚಿಗವ್ವ."

"ಹಂಗಾರ ಸಿಟ್ಟ ಇರ್ಲಿಲ್ಲ ಅಂವಗ." ಮತ್ತೆ ಕೇಳಿದಳು, "ಮಾತಾಡಿದನೇನ?"

"ಹಲೋ ಅಂದ. ಎರಡ ಸಲ."

"ಹೆಂಗ ಅಂದಾ? ಅಂದ ತೋರಸು."

ನಾನು ಅಂದೆ. ಮೊದಲಿನದು ಸ್ವಲ್ಪ ದೊಡ್ಡದು, ಆಮೇಲೆ ತಡೆದು, ಸಣ್ಣಗೆ ಇನ್ನೊಂದು. ಅವಳು ತಲೆ ವಾರೆ ಮಾಡಿ ಕೇಳಿದಳು. ಇನ್ನೊಮ್ಮೆ ಅನ್ನು ಎಂದಳು. ಅಂದೆ. ಮತ್ತೊಮ್ಮೆ ಎಂದಳು. ಮೂರು ಸಲ ಅನ್ನಿಸಿಕೊಂಡು, ಬಾಗಿಲು ತೆಗೆದು, ನನ್ನ ಕಡೆ ನೋಡದೆ ಒಳಗೆ ಹೋದಳು.

ಅವಳು ಮತ್ತೆ ನಮ್ಮ ಕಟ್ಟೆ ಹತ್ತಲಿಲ್ಲ. ಎದುರು ಸಿಕ್ಕರೆ ಅವ್ವನನ್ನು ಮಾತಾಡಿಸುತ್ತಿದ್ದಳು, ನನ್ನನ್ನು ಅಲ್ಲ. ಎರಡು ವರ್ಷದ ಮೇಲೆ ರಸ್ತೆ ಅಗಲ ಮಾಡುವಾಗ ನೆಲದೊಳಗಿನ ಕೇಬಲ್ಲು ಹರಿದು ನಮ್ಮ ಫೋನು ಸತ್ತಿತು, ಯಾರೂ ಜೋಡಿಸಲು ಬರಲಿಲ್ಲ. ಅವಳು ಕೇಳಲಿಲ್ಲ. ಆಮೇಲೆ ಸಂಪಗಾಂವದ ತಂಗಿಯ ಮನೆಗೆ ಹೋದಳು, ಅಲ್ಲೇ ತೀರಿಕೊಂಡಳು. ಸುದ್ದಿ ನನ್ನ ಮೊಬೈಲಿಗೇ ಬಂತು. ಓಡಿ ಹೋಗಿ ಯಾರನ್ನೂ ಕರೆತರುವ ಕೆಲಸ ಈಗ ಇಲ್ಲ. ಆ ಓಣಿಯಲ್ಲಿ ಯಾರೂ ಯಾರ ಮನೆಯಲ್ಲೂ ಫೋನಿಗಾಗಿ ಕಾಯುವುದಿಲ್ಲ. ಯಾರಿಗಾಗಿ ಯಾರು ಕಾಯುತ್ತಿದ್ದಾರೆಂದು ಪಕ್ಕದ ಮನೆಗೂ ತಿಳಿಯುವುದಿಲ್ಲ.

ಬಸುನ ಆ ದನಿಯನ್ನು ಕೊನೆಗೆ ಕೇಳಿದವಳು ನಾನು. ನಮ್ಮೂರಿನಲ್ಲಿ ಅದು ಉಳಿದಿದ್ದರೆ ನನ್ನ ಕಿವಿಯಲ್ಲೇ ಉಳಿಯಬೇಕಿತ್ತು. ಹದಿಮೂರು ವರ್ಷ ಉಳಿದಿತ್ತು ಕೂಡ. ಈಗ ಎಷ್ಟು ನೆನಪು ಮಾಡಿಕೊಂಡರೂ ಅವನ ದನಿ ಬರುವುದಿಲ್ಲ. ಅವಳ ಬಾಗಿಲಲ್ಲಿ ನಿಂತು ನಾನು ಅಂದು ತೋರಿಸಿದ ಹಲೋ ಅಷ್ಟೇ ಕೇಳಿಸುತ್ತದೆ.